ಸ್ಪೇನ್‌ನ ‘ಕ್ವೆಂತ’: ಒಂದೇ ಪದ, ಹತ್ತು ಲೆಕ್ಕ

ಕೆಲಸಕ್ಕೆ ಸ್ಪೇನ್‌ಗೆ ಹೊರಟಿದ್ದೀರಿ. ಕೆಲಸದ ಪತ್ರ, ಮನೆಯ ಕರಾರು, ಬ್ಯಾಂಕಿನ ಫಾರ್ಮ್ ಮೂರರಲ್ಲೂ ‘ಕ್ವೆಂತ’ ಅನ್ನುವ ಸ್ಪ್ಯಾನಿಶ್ ಪದ ಇದೆ, ಅನುವಾದದ ಆ್ಯಪ್ ಮಾತ್ರ ಎಲ್ಲದಕ್ಕೂ ‘ಖಾತೆ’ ಅನ್ನುತ್ತಿದೆ, ಏನು ಮಾಡೋದು ಅಂತ ಕೇಳಿದ್ದೀರಿ. ಆ್ಯಪ್ ಪಕ್ಕಕ್ಕಿಡಿ, ನಮ್ಮ ‘ಲೆಕ್ಕ’ವನ್ನು ನೆನಪಿಟ್ಟುಕೊಳ್ಳಿ. ಹೋಟೆಲಿನಲ್ಲಿ ‘ಇವತ್ತಿನದು ನನ್ನ ಲೆಕ್ಕ’ ಅಂದರೆ ಯಾರೂ ಪಾಸ್‌ಬುಕ್ ಹುಡುಕುವುದಿಲ್ಲ. ಇಲ್ಲೂ ಹಾಗೇ. ಕ್ವೆಂತಕ್ಕೆ ಮುಂಚೆ ‘ಪೋರ್’, ‘ಆ’, ‘ಎನ್’ ಅನ್ನುವ ಚಿಕ್ಕ ಪದಗಳಲ್ಲಿ ಯಾವುದಿದೆ ಅಂತ ಮೊದಲು ನೋಡಿ.

‘ಪೋರ್’ ಇದ್ದರೆ ಯಾರ ಲೆಕ್ಕ ಅನ್ನುವುದು ವಿಷಯ. ಕೆಲಸದ ಪರವಾನಗಿಯಲ್ಲಿ ‘ಪೋರ್ ಕ್ವೆಂತ ಅಹೆನ’ ಅಂದರೆ ಬೇರೆಯವರ ಲೆಕ್ಕದಲ್ಲಿ ದುಡಿಯುವವರು, ಸಂಬಳದ ನೌಕರರು. ‘ಪೋರ್ ಕ್ವೆಂತ ಪ್ರೊಪಿಯ’ ಅಂದರೆ ಸ್ವಂತ ಲೆಕ್ಕ. ಇಂಥವರನ್ನು ‘ಔತೋನೊಮೊ’ ಅನ್ನುತ್ತಾರೆ, ಸಾಮಾಜಿಕ ಭದ್ರತೆಯ ವಂತಿಗೆಯನ್ನು ತಿಂಗಳು ತಿಂಗಳು ತಾವೇ ಕಟ್ಟಬೇಕು. ‘ಔತೋನೊಮೊ ಆಗಿ ಬನ್ನಿ, ಕೈಗೆ ಜಾಸ್ತಿ ಸಿಗುತ್ತೆ’ ಅಂತ ಯಾರಾದರೂ ಆಸೆ ತೋರಿಸಿದರೆ, ಪರವಾನಗಿಯ ಪತ್ರದಲ್ಲಿ ಈ ಎರಡರಲ್ಲಿ ಯಾವುದಿದೆ ಅಂತ ಓದದೆ ಹ್ಞೂಂ ಅನ್ನಬೇಡಿ.

ಬಾಡಿಗೆ ಕರಾರಿನಲ್ಲೂ ಇದೇ ‘ಪೋರ್’. ‘ಪೋರ್ ಕ್ವೆಂತ ದೆಲ್ ಅರ್ರೆಂದತಾರಿಯೊ’ ಅಂದರೆ ಖರ್ಚು ಬಾಡಿಗೆದಾರರ ತಲೆಗೆ. ‘ಅರ್ರೆಂದದೋರ್’ ಮನೆ ಮಾಲೀಕ. ಎರಡೂ ಒಂದೇ ಥರ ಕಾಣುತ್ತವೆ, ಪದದ ಕೊನೆಯವರೆಗೂ ಓದಿ. ಕರೆಂಟು, ನೀರು ನಿಮ್ಮ ಲೆಕ್ಕಕ್ಕೆ ಬರುವುದು ಮಾಮೂಲಿ. ಆದರೆ ಏಜೆನ್ಸಿ ಕಮಿಷನ್ ಹಾಗಲ್ಲ: 2023ರ ವಸತಿ ಕಾನೂನಿನ ಪ್ರಕಾರ, ಖಾಯಂ ವಾಸದ ಮನೆಗೆ ಅದನ್ನು ಮಾಲೀಕರೇ ಕೊಡಬೇಕು. ಕರಾರಿನ ಮೇಲೆ ‘ತೆಂಪೊರಾದ’, ಅಂದರೆ ತಾತ್ಕಾಲಿಕ ಬಾಡಿಗೆ, ಅಂತ ಬರೆದು ಇದರಿಂದ ಜಾರಿಕೊಳ್ಳುವವರಿದ್ದಾರೆ. ವರ್ಷಗಟ್ಟಲೆ ಇರಲು ಬರುತ್ತಿರುವ ನೀವು ಆ ಪದ ಕಂಡರೆ ಸಹಿ ನಿಲ್ಲಿಸಿ ಕೇಳಿ.

‘ಆ ಕ್ವೆಂತ’ ಅಂದರೆ ಮುಂದೆ ವಜಾ ಹಾಕಿಕೊಳ್ಳುವ ಮುಂಗಡ. ಮನೆ ಹಿಡಿದಿಡಲು ಕೊಟ್ಟ ದುಡ್ಡಿಗೆ ‘ಎಂತ್ರೆಗ ಆ ಕ್ವೆಂತ’ ಅನ್ನುತ್ತಾರೆ. ಅದು ಮೊದಲ ಬಾಡಿಗೆಗೆ ಸೇರುತ್ತದೋ, ಒಂದು ತಿಂಗಳ ಕಡ್ಡಾಯ ಠೇವಣಿಗೆ ಸೇರುತ್ತದೋ, ಕರಾರು ಮುರಿದರೆ ವಾಪಸ್ ಬರುತ್ತದೋ, ರಸೀದಿಯಲ್ಲಿ ಬರೆಸಿಕೊಳ್ಳಿ. ಸಂಬಳದ ಚೀಟಿಯಲ್ಲಿ ಮುರಿದುಕೊಳ್ಳುವ ಆದಾಯ ತೆರಿಗೆಯೂ ‘ಆ ಕ್ವೆಂತ’ವೇ, ಅಂತಿಮ ತೆರಿಗೆಯಲ್ಲ. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಕೆಲಸದ ಕರಾರಿದ್ದರೆ ಕನಿಷ್ಠ ದರ ಶೇ 2 ಅಷ್ಟೇ, ಹಾಗಾಗಿ ಕೈಗೆ ಬರುವ ಸಂಬಳ ಚೆನ್ನಾಗಿ ಕಾಣುತ್ತದೆ. ಮುಂದಿನ ವರ್ಷ ಏಪ್ರಿಲ್‌ನಿಂದ ಜೂನ್ 30ರೊಳಗೆ ರಿಟರ್ನ್ ಸಲ್ಲಿಸುವಾಗ ಬಾಕಿ ಎದುರಿಗೆ ನಿಲ್ಲುತ್ತದೆ. ದರ ಹೆಚ್ಚಿಸಿ ಅಂತ ಕಂಪನಿಗೆ ನೀವೇ ಬರೆದು ಕೊಡಬಹುದು.

ನಂಬರುಗಳಲ್ಲಿ ಎಡವುವವರು ಬಹಳ. ಬ್ಯಾಂಕ್ ಖಾತೆಯ ಐಬ್ಯಾನ್, ಅಂದರೆ ಅಂತರರಾಷ್ಟ್ರೀಯ ಖಾತೆ ನಂಬರು, 24 ಅಕ್ಷರದ್ದು: ‘ಇಎಸ್’, ಆಮೇಲೆ 22 ಅಂಕಿ. ‘ಕ್ವೆಂತ ದೆ ಕೊತಿಸಾಸಿಯೋನ್’ ಬ್ಯಾಂಕಿನದಲ್ಲ, ಸಾಮಾಜಿಕ ಭದ್ರತೆಯಲ್ಲಿ ಕಂಪನಿಗೆ ಇರುವ 11 ಅಂಕಿಯ ನಂಬರು. ಸಾಮಾಜಿಕ ಭದ್ರತೆಯಲ್ಲಿ ನಿಮ್ಮದೇ ನಂಬರು 12 ಅಂಕಿ. ಸಾಲದ್ದಕ್ಕೆ, ಹಳೆಯ 20 ಅಂಕಿಯ ಬ್ಯಾಂಕ್ ಖಾತೆ ನಂಬರನ್ನೂ ಕಂಪನಿಯ ಆ ನಂಬರನ್ನೂ ‘ಸಿಸಿಸಿ’ ಅಂತಲೇ ಮೊಟಕು ಮಾಡುತ್ತಾರೆ. ಅಂಕಿ ಎಣಿಸುವುದೇ ದಾರಿ.

ಮಾತಿನಲ್ಲಿ ಬರುವ ಕ್ವೆಂತಕ್ಕೆ ದುಡ್ಡಿನ ಸಂಬಂಧವೇ ಇರುವುದಿಲ್ಲ. ‘ತೆನ್ ಎನ್ ಕ್ವೆಂತ’ ಅಂದರೆ ಲೆಕ್ಕಕ್ಕೆ ತಗೋ. ‘ನೋ ಮೆ ದಿ ಕ್ವೆಂತ’ ಅಂದರೆ ಗಮನಕ್ಕೆ ಬರಲಿಲ್ಲ. ಆಫೀಸಿನಲ್ಲಿ ಇದನ್ನು ದಿನಾ ಕೇಳುತ್ತೀರಿ. ‘ಕ್ವೆಂತ ಕೊನ್‌ಮೀಗೊ’ ಬೇರೆಯೇ: ಅದು ‘ಕೊಂತಾರ್’ ಕ್ರಿಯಾಪದದ ರೂಪ, ‘ನಾನಿದ್ದೀನಿ, ನಂಬು’ ಅಂತ. ‘ಕೆ ತೆ ಕ್ವೆಂತಾಸ್?’ ಅಂತ ಕೇಳಿದರೆ ‘ಏನ್ಸಮಾಚಾರ?’ ಅಂತ ಅರ್ಥ, ಒಂದೆರಡು ಮಾತಿನ ಉತ್ತರ ಸಾಕು.

ಹೋಟೆಲಿನಲ್ಲಿ ‘ಲಾ ಕ್ವೆಂತ’ ಅಂದರೆ ಬಿಲ್. ನೀವು ಕೇಳುವ ತನಕ ಸಾಮಾನ್ಯವಾಗಿ ತರುವುದಿಲ್ಲ, ತಂದರೆ ಎದ್ದು ಹೋಗಿ ಅಂದ ಹಾಗಾಗುತ್ತದೆ. ಕಂಪನಿಗೆ ತೋರಿಸಲು ಬಿಲ್ ಬೇಕಿದ್ದರೆ ‘ಕ್ವೆಂತ’ ಸಾಲದು. ಕಂಪನಿಯ ತೆರಿಗೆ ನಂಬರು ಕೊಟ್ಟು, ದುಡ್ಡು ಕೊಡುವ ಮೊದಲೇ ‘ಫಕ್ತೂರ’ (ಕಂಪನಿ ಹೆಸರಿನ ಪೂರ್ಣ ಬಿಲ್) ಬೇಕು ಅನ್ನಿ.