ಎರಡು ದಿನದ ಕಾರ್ಯಾಗಾರದಲ್ಲಿ ಟಿಸಿಡಿ ಕಲಿಯಬಹುದೇ?

ನೀವು ನರರೋಗ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿ. ಎರಡು ದಿನದ ಕಾರ್ಯಾಗಾರ ಮುಗಿಸಿದರೆ ಮಿದುಳಿನ ರಕ್ತನಾಳಗಳ ಡಾಪ್ಲರ್ ಪರೀಕ್ಷೆಯನ್ನು, ಅಂದರೆ ಟಿಸಿಡಿಯನ್ನು, ಒಬ್ಬರೇ ಮಾಡಬಹುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಆದರೂ ಹೋಗಿ ಬನ್ನಿ, ಯಂತ್ರದ ಗುಂಡಿಗಳಾದರೂ ಪರಿಚಯವಾಗುತ್ತವೆ.

ಕಿವಿಯ ಮುಂದೆ, ಕೆನ್ನೆಮೂಳೆಯ ಮೇಲ್ಭಾಗದಲ್ಲಿ ಕಣತಲೆಯ ಎಲುಬು ತೆಳುವಾಗಿರುತ್ತದೆ. 1982ರಲ್ಲಿ ರೂನೆ ಆಸ್ಲಿಡ್ ಮತ್ತು ಸಂಗಡಿಗರು 2 ಮೆಗಾಹರ್ಟ್ಸ್ ಅಲ್ಟ್ರಾಸೌಂಡ್ ತರಂಗವನ್ನು ಈ ಕಿಂಡಿಯ ದಾರಿಯಲ್ಲೇ ಒಳಗೆ ಕಳಿಸಿ ರಕ್ತದ ವೇಗವನ್ನು ಅಳೆದರು. ಹೇಳಲು ಸುಲಭ. ತಲೆಗೆ ಒತ್ತಿ ಹಿಡಿಯುವ ಪ್ರೋಬ್ ಕೂದಲೆಳೆಯಷ್ಟು ವಾಲಿದರೂ, ಯಂತ್ರ ಕೇಳಿಸುವ ರಕ್ತದ ಹರಿವಿನ ಸದ್ದು ಮಾಯವಾಗುತ್ತದೆ. ಸುಮಾರು 50 ಮಿ.ಮೀ. ಆಳದಲ್ಲಿ ಎಂಸಿಎ, ಅಂದರೆ ಮಿದುಳಿನ ಮಧ್ಯ ಧಮನಿ, ಸಿಗುತ್ತದೆ. ರಕ್ತ ನಿಮ್ಮ ಕಡೆಗೇ ಬರುವುದರಿಂದ ಅಲೆ ಪರದೆಯ ನಡುಗೆರೆಯ ಮೇಲೆ ಮೂಡುತ್ತದೆ. ಇನ್ನೂ ಒಳಕ್ಕೆ, 60-65 ಮಿ.ಮೀ.ಗೆ ಹೋದರೆ ಗೆರೆಯ ಮೇಲೂ ಕೆಳಗೂ ಅಲೆ ಕಾಣುತ್ತದೆ. ಕುತ್ತಿಗೆಯಿಂದ ಬರುವ ದೊಡ್ಡ ಧಮನಿ ಕವಲೊಡೆಯುವ ಆ ಜಾಗವೇ ಗಡಿಕಲ್ಲು; ದಾರಿ ತಪ್ಪಿದಾಗಲೆಲ್ಲ ಅಲ್ಲಿಗೆ ಮರಳಿ. ನಾನು ಕಲಿಸುವಾಗ ಪರದೆಯನ್ನು ಆಚೆ ತಿರುಗಿಸಿ, ಕಿವಿಯಿಂದಲೇ ಹುಡುಕಿ ಎನ್ನುತ್ತೇನೆ. ಬೈದುಕೊಳ್ಳುತ್ತಲೇ ಬೇಗ ಕಲಿಯುತ್ತಾರೆ.

ಹೊಸದರಲ್ಲಿ ನಾನು ಒಬ್ಬ ವೃದ್ಧೆಯ ವರದಿಯಲ್ಲಿ ‘ಎಂಸಿಎ ಮುಚ್ಚಿದೆ’ ಎಂದು ಬರೆದುಬಿಟ್ಟಿದ್ದೆ. ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಆದ ಸಿ.ಟಿ. ಆಂಜಿಯೋದಲ್ಲಿ ಧಮನಿ ಚೆನ್ನಾಗಿಯೇ ಇತ್ತು. ವಯಸ್ಸಾದ ಹೆಂಗಸರಲ್ಲಿ ಎಷ್ಟೋ ಬಾರಿ ಎಲುಬು ತರಂಗವನ್ನು ಒಳಗೇ ಬಿಡುವುದಿಲ್ಲ. ಅದೇ ಕಿಂಡಿಯಿಂದ ಬೇರೆ ಧಮನಿಗಳು ಕೇಳಿಸಿ, ಎಂಸಿಎ ಮಾತ್ರ ಮೌನವಾಗಿದ್ದರೆ ಆಗ ಅನುಮಾನಪಡಿ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ತರಂಗ ರಕ್ತ ಹರಿಯುವ ನೇರದಲ್ಲಿಯೇ ಹೋಗುತ್ತಿದೆ ಎಂದು ಯಂತ್ರ ನಂಬಿಕೊಂಡಿರುತ್ತದೆ. ಕೋನ ವಾಲಿದರೆ ವೇಗ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ರಕ್ತಹೀನತೆಯ ಮಕ್ಕಳಲ್ಲಿ ಸರಾಸರಿ ವೇಗ ಸೆಕೆಂಡಿಗೆ 200 ಸೆಂ.ಮೀ. ಮುಟ್ಟಿದರೆ ಪಾರ್ಶ್ವವಾಯುವಿನ ಭಯ ಹೆಚ್ಚು. ಅಂಥವರಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಆ ಅಪಾಯ ಬಹಳಷ್ಟು ತಗ್ಗುತ್ತದೆಂದು 1998ರಲ್ಲಿ ಪ್ರಕಟವಾದ ಸ್ಟಾಪ್ ಅಧ್ಯಯನ ತೋರಿಸಿತು. 205 ಇರುವಲ್ಲಿ ನೀವು 180 ಬರೆದರೆ ಮಗು ರಕ್ತವಿಲ್ಲದೆ ಮನೆಗೆ ಹೋಗುತ್ತದೆ. ಚಾಮರಾಜನಗರದ ಹಾಡಿಗಳಲ್ಲೂ ಈ ಕಾಯಿಲೆ ಇರುವುದರಿಂದ ಇದು ನಮಗೆ ದೂರದ ಮಾತಲ್ಲ. ಸಿಕ್ಕ ಮೊದಲ ಅಲೆಗೇ ತೃಪ್ತರಾಗದೆ, ಅತಿ ಹೆಚ್ಚು ವೇಗ ಸಿಗುವವರೆಗೂ ಪ್ರೋಬನ್ನು ಆಡಿಸುತ್ತಿರಿ.

ಮೊದಲ ಕೆಲವು ತಿಂಗಳು ದಿನಕ್ಕೆರಡು ಆರೋಗ್ಯವಂತ ತಲೆಗಳು ಸಾಕು. ಹಾಸ್ಟೆಲ್ ಗೆಳೆಯರು ಒಂದು ಕಾಫಿಗೆ ಒಪ್ಪುತ್ತಾರೆ. ಮುಚ್ಚಿದ ಕಣ್ಣಿನ ಮೇಲಿಂದ ನೋಡುವಾಗ ಮಾತ್ರ ಪವರ್ ಅನ್ನು ಶೇ. 10ರಷ್ಟಕ್ಕೆ ಇಳಿಸಿದ ಮೇಲೆಯೇ ಪ್ರೋಬ್ ಇಡಿ.