ತಾಯಿಗೆ ಸ್ಮಾರ್ಟ್ ಸ್ಪೀಕರೋ, ಹೆಡ್‌ಫೋನೋ?

ಮರೆವಿನ ಕಾಯಿಲೆ ಇರುವ ತಾಯಿಗೆ ಹಾಡು ಕೇಳಿಸಲು ಸ್ಮಾರ್ಟ್ ಸ್ಪೀಕರ್ (ಬಾಯಲ್ಲಿ ಹೇಳಿದರೆ ಹಾಡು ಹಾಕುವ ಸ್ಪೀಕರ್) ತರಲೇ, ಹೆಡ್‌ಫೋನ್ ತರಲೇ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ಮೊದಲು ಹಾಡಿನ ಪಟ್ಟಿ, ಆಮೇಲೆ ಯಂತ್ರ. ಸಾಮಾನ್ಯವಾಗಿ 10ರಿಂದ 30ರ ವಯಸ್ಸಿನಲ್ಲಿ ಕೇಳಿದ ಹಾಡುಗಳೇ ಗಟ್ಟಿಯಾಗಿ ಉಳಿದಿರುತ್ತವೆ. ಅವರು ಹುಟ್ಟಿದ ಇಸವಿಯಿಂದ ಲೆಕ್ಕ ಹಾಕಿ ಹುಡುಕಿ. ಅವರ ಒಡಹುಟ್ಟಿದವರನ್ನು ಕೇಳಿದರೆ ಇನ್ನೂ ವಾಸಿ.

ಸ್ಮಾರ್ಟ್ ಸ್ಪೀಕರನ್ನು ಸರಿಯಾದ ಪದದಿಂದಲೇ ಕರೆಯಬೇಕು. ಪದವೇ ಬಾಯಿಗೆ ಬಾರದವರಿಗೆ ಅದು ಬರೀ ಕಿರಿಕಿರಿ. ಎಲ್ಲಿಂದಲೋ ಬರುವ ದನಿಗೆ ಕೆಲವರು ಬೆಚ್ಚಿಬೀಳುವುದೂ ಉಂಟು. ನೀವೇ ಫೋನಿನಿಂದ ಹಾಡು ಹಾಕುವುದಾದರೆ ಅಡ್ಡಿಯಿಲ್ಲ. ಅವರೇ ಹಾಕಿಕೊಳ್ಳಬೇಕೆಂದರೆ ಒಂದೇ ದೊಡ್ಡ ಗುಂಡಿಯ ಪ್ಲೇಯರ್ ತನ್ನಿ, ಹಾಡುಗಳನ್ನು ಮೊದಲೇ ತುಂಬಿಸಿಡಿ. ನಡುವೆ ಜಾಹೀರಾತು ಮಾತ್ರ ಬರಲೇಬಾರದು, ಬಂದರೆ ಅಲ್ಲಿಗೆ ಎಲ್ಲ ಕೆಟ್ಟಿತು! ಹೆಡ್‌ಫೋನ್ ಗದ್ದಲದ ಮನೆಗೆ ಸರಿ, ಆದರೆ ಕಿವಿಗೆ ಶ್ರವಣ ಸಾಧನ ಹಾಕುವವರಿಗೆ ಕಷ್ಟ.

ಸಂಜೆ ಚಡಪಡಿಕೆ ಶುರುವಾಗುವ ಮುಂಚೆ ಅರ್ಧ ಗಂಟೆ ಹಾಕಿ ನೋಡಿ. ದಿನವಿಡೀ ಬೇಡ, ದಣಿಯುತ್ತಾರೆ. ಅವರ ಮುಖ ಗಮನಿಸುತ್ತಿರಿ. ಕಣ್ಣೀರು ಬಂದರೆ ಗಾಬರಿಯಾಗಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಸಂಕಟ ಹೆಚ್ಚಾಯಿತು ಅನ್ನಿಸಿದರೆ ಆ ಹಾಡನ್ನು ಪಟ್ಟಿಯಿಂದ ತೆಗೆದುಬಿಡಿ.