ಆಪರೇಷನ್ ಆಗದು ಎಂದ ಮೇಲೆ

ಮೂಡಿಗೆರೆ ಕಡೆಯ, ಅರವತ್ತರ ಆಸುಪಾಸಿನ ಕಾಫಿ ಬೆಳೆಗಾರರೊಬ್ಬರ ಮಗ ಚಿಕ್ಕಮಗಳೂರಿನಲ್ಲಿ ನನ್ನನ್ನು ಕಂಡಾಗ (ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ), ತಂದೆಗೆ ಕಾಯಿಲೆಯ ಹೆಸರು ಹೇಳದೆಯೇ ಬೆಂಗಳೂರಿಗೆ ಚಿಕಿತ್ಸೆಗೆ ಕರೆದೊಯ್ಯುವುದು ಹೇಗೆಂಬುದೇ ಅವರ ಪ್ರಶ್ನೆಯಾಗಿತ್ತು. “ಕ್ಯಾನ್ಸರ್ ಅಂತ ಗೊತ್ತಾದ್ರೆ ಅಪ್ಪ ಕುಗ್ಗಿ ಹೋಗ್ತಾರೆ, ಮೇಡಂ,” ಎಂದರು. ಹೆಪಟೈಟಿಸ್ ಬಿ ಸೋಂಕಿನಿಂದ ಸಿರೋಸಿಸ್ ಆಗಿ, ಎಂದರೆ ಕಲೆಗಟ್ಟಿ ಗಡುಸಾಗಿದ್ದ ಯಕೃತ್ತಿನಲ್ಲಿ ಹಲವು ಗೆಡ್ಡೆಗಳಿದ್ದುದರಿಂದ ಆಪರೇಷನ್ ಸಾಧ್ಯವಿಲ್ಲವೆಂದ ವೈದ್ಯರು, ರಕ್ತನಾಳದ ಮೂಲಕ ಕೀಮೋ ಕೊಡುವ ‘ಟೇಸ್’ ವಿಧಾನವನ್ನೂ ಸೂಚಿಸಿದ್ದರು. ಮನೆಯವರ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ.

ಯಕೃತ್ತಿಗೆ ಸುಮಾರು ಮುಕ್ಕಾಲು ಪಾಲು ರಕ್ತ ಪೋರ್ಟಲ್ ಅಭಿಧಮನಿಯಿಂದ ಬಂದರೆ, ಗೆಡ್ಡೆಯು ಬಹುಮಟ್ಟಿಗೆ ಹೆಪಾಟಿಕ್ ಅಪಧಮನಿಯನ್ನೇ ನೆಚ್ಚಿಕೊಂಡಿರುತ್ತದೆ. ಟೇಸ್‌ನಲ್ಲಿ ತೊಡೆಸಂದಿನ ರಕ್ತನಾಳದಿಂದ ತೂರಿಸಿದ ಸಣ್ಣ ನಳಿಕೆಯನ್ನು ಗೆಡ್ಡೆಗೆ ರಕ್ತ ಒಯ್ಯುವ ಕವಲಿನವರೆಗೆ ನಡೆಸಿ, ಡಾಕ್ಸೊರುಬಿಸಿನ್‌ನಂಥ ಕೀಮೋ ಔಷಧವನ್ನು ಅಲ್ಲೇ ಬಿಟ್ಟು ಆ ಕವಲನ್ನು ಮುಚ್ಚುವುದರಿಂದ, ಉಳಿದ ಯಕೃತ್ತಿಗೆ ಪೆಟ್ಟು ಕಡಿಮೆ. 2002ರಲ್ಲಿ ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್‌ಗಳಿಂದ ಬಂದ ಎರಡು ಅಧ್ಯಯನಗಳು ಇದರಿಂದ ಆಯುಷ್ಯ ಹೆಚ್ಚುತ್ತದೆಂದು ತೋರಿಸಿದವು. ಆದರೆ ಯಕೃತ್ತು ಇನ್ನೂ ಸಾಕಷ್ಟು ಕೆಲಸ ಮಾಡುತ್ತಿರುವವರಲ್ಲಿ ಮಾತ್ರ. ಕಾಮಾಲೆ ಏರಿದವರಿಗೆ ಇದು ಅಪಾಯವೇ. ಸಾಮಾನ್ಯವಾಗಿ ಗುರಿಯೂ ರೋಗವನ್ನು ಹತೋಟಿಯಲ್ಲಿಡುವುದು, ಬೇರುಸಹಿತ ಕೀಳುವುದಲ್ಲ. ಇದನ್ನು ಮಗನಿಗೆ ಮುಚ್ಚಿಡದೆ ಹೇಳಿದೆ.

ಈ ಚಿಕಿತ್ಸೆಯನ್ನು ರೋಗಿಯಿಂದ ಬಚ್ಚಿಟ್ಟು ನಡೆಸಲಾಗದು ಎಂಬುದೇ ನನ್ನ ಮುಖ್ಯ ಸಲಹೆಯಾಗಿತ್ತು. ಒಪ್ಪಿಗೆಗೆ ಸಹಿ ಹಾಕಬೇಕಾದವರು ಅವರೇ. ಆಮೇಲೆ ಕೆಲವು ದಿನ ಜ್ವರ, ಹೊಟ್ಟೆನೋವು, ವಾಕರಿಕೆ ಸಾಮಾನ್ಯ. ನಾಲ್ಕರಿಂದ ಆರು ವಾರಗಳಲ್ಲಿ ಸ್ಕ್ಯಾನ್ ನೋಡಿ ಮತ್ತೊಮ್ಮೆ ಮಾಡಬೇಕಾಗಬಹುದು. ಯಾತಕ್ಕೆಂದು ತಿಳಿಯದೆ ಇಷ್ಟನ್ನು ಸಹಿಸಿದವರು ಎರಡನೆಯ ಸಲಕ್ಕೆ ಒಲ್ಲೆನೆಂದರೆ ತಪ್ಪು ಯಾರದು? ಕೊನೆಗೆ ಮಗ, ವೈದ್ಯರ ಎದುರಿನಲ್ಲೇ ತಂದೆಗೆ ತಿಳಿಸಲು ಒಪ್ಪಿದರು.

ತಂದೆಯವರು ಕೇಳಿದ್ದು, ಹಣ್ಣು ಕೊಯ್ಲಿನ ಹೊತ್ತಿಗೆ ತೋಟದಲ್ಲಿ ಓಡಾಡಬಹುದೇ ಎಂದು. ಅದನ್ನು ಸ್ಕ್ಯಾನ್ ನೋಡಿಯೇ ಹೇಳಬೇಕೆಂದರು ವೈದ್ಯರು. ಮನೆಯಲ್ಲಿ ಆಗಲೇ ಶುರುವಾಗಿದ್ದ ನಾಟಿ ಕಷಾಯವನ್ನು ನಿಲ್ಲಿಸಿ, ಅದರ ವಿಷಯವನ್ನು ವೈದ್ಯರಿಗೂ ಹೇಳಿಬಿಡಲು ಸೂಚಿಸಿದೆ; ಕೆಲವು ಮೂಲಿಕೆಗಳು ಯಕೃತ್ತನ್ನೇ ಕೆಡಿಸುತ್ತವೆ. ಮದ್ಯವಂತೂ ಪೂರ್ತಿ ಬಂದ್. ಹೆಂಡತಿ, ಮಕ್ಕಳೆಲ್ಲರೂ ಹೆಪಟೈಟಿಸ್ ಬಿ ರಕ್ತಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದ, ರಕ್ಷಣೆಯೂ ಇಲ್ಲದವರು ಲಸಿಕೆಯ ಮೂರೂ ಡೋಸ್‌ಗಳನ್ನು ಹಾಕಿಸಿಕೊಳ್ಳಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟೆ.